ರಕ್ತನಾಳವು ನಲ್ಲಿಯಲ್ಲ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ರಕ್ತನಾಳದ ವಿಚಾರವೇಕೆ ಎಂದು ವಾಚಕರು ಹುಬ್ಬೇರಿಸಿದರೆ ಅದು ಸಹಜವೇ. ಸಂಪಾದಕರಾದ ಅಧ್ಯಾಪಕರೂ ಹಾಗೆಯೇ ಕೇಳಿದರು. "ನೀನು ಚರಿತ್ರೆಯ ವಿದ್ಯಾರ್ಥಿ. ಹೊಯ್ಸಳರ ಮೇಲೆ ಬರೆ, ಮೈಸೂರು ಚಲೋ ಚಳವಳಿಯ ಮೇಲೆ ಬರೆ. ಇದೇನಯ್ಯ, ಕೊಲೆಸ್ಟೆರಾಲ್?" ಎಂದರು. ಇದೂ ಚರಿತ್ರೆಯೇ ಸಾರ್, ಎಂದು ಹೇಳಿ ಅನುಮತಿ ಪಡೆದೆ. ೧೮೫೭ರ ದಂಗೆಗೆ ಕಾರಣವೇನೆಂದು ಕೇಳಿದರೆ, ತೋಟಾಗಳಿಗೆ ಸವರಿದ ಕೊಬ್ಬು ಎಂದಷ್ಟೇ ಬರೆದು ಎದ್ದು ಬಂದವನಿಗೆ ನಮ್ಮ ಮೇಷ್ಟ್ರು ಹತ್ತಕ್ಕೆ ಎರಡು ಅಂಕವನ್ನೂ ಕೊಡುವುದಿಲ್ಲ. ಅದರ ಹಿಂದಿನ ನೂರು ವರ್ಷ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಹೃದಯಾಘಾತದ ವಿಷಯದಲ್ಲಿ ನಾವೆಲ್ಲರೂ ತೋಟಾ ಮಾತ್ರ ಬರೆಯುವ ವಿದ್ಯಾರ್ಥಿಗಳೇ.

೨೦೨೫ರ ಜೂನ್ ತಿಂಗಳಿನಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಮರಣಗಳ ಸುದ್ದಿ ಒಂದರ ಮೇಲೊಂದು ಬಂದಾಗ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಅದಕ್ಕೂ ಮೊದಲು, ೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜ್‌ಕುಮಾರ್ ಅವರು ೪೬ ವರ್ಷ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ಭಯ ಬಂದಷ್ಟೇ ಬೇಗ ಹೊರಟೂ ಹೋಯಿತು. ಹಠಾತ್ ಮರಣಗಳಿಗೆಲ್ಲ ಒಂದೇ ಕಾರಣವೆಂದು ನಾನು ಹೇಳಹೊರಟಿಲ್ಲ. ಆದರೆ ಹೃದಯಾಘಾತಗಳಲ್ಲಿ ಬಹುಪಾಲಿನ ಹಿಂದೆ ನಿಂತಿರುವ ರೋಗ ಒಂದುಂಟು. ಅದು ಜೂನ್ ತಿಂಗಳಿನಲ್ಲಿ ಹುಟ್ಟಿದ್ದಲ್ಲ.

ನನಗೆ ಈ ವಿಚಾರ ತಲೆಗೆ ಹತ್ತಿದ್ದು ನಮ್ಮ ದೊಡ್ಡಪ್ಪನವರಿಂದ. ಅವರು ಮಾಧ್ಯಮಿಕ ಶಾಲೆಯಲ್ಲಿ ಗಣಿತದ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಮೂರು ವರ್ಷದ ಕೆಳಗೆ ಎದೆನೋವು ಬಂದು, ನಾಳದಲ್ಲಿ ಸ್ಟೆಂಟ್ ಹಾಕಿಸಿಕೊಂಡು, ಐದು ಬಗೆಯ ಮಾತ್ರೆಗಳ ಚೀಟಿ ಹಿಡಿದು ಮನೆಗೆ ಬಂದರು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನೋಡುತ್ತೇನೆ, ಆ ಐದರಲ್ಲಿ ಕೊಲೆಸ್ಟೆರಾಲಿನ ಮಾತ್ರೆಯ ಪಟ್ಟಿ ಹಾಗೆಯೇ ಧೂಳು ಹಿಡಿದು ಬಿದ್ದಿದೆ. ಅದರ ಪಕ್ಕದಲ್ಲಿ ಒಂದು ಶೀಷೆ. ಶುಂಠಿ, ಬೆಳ್ಳುಳ್ಳಿ, ನಿಂಬೆರಸಗಳನ್ನು ಕುದಿಸಿ ಜೇನು ಬೆರೆಸಿದ ಕಷಾಯ. ಪಕ್ಕದ ಮನೆಯವರ ವಾಟ್ಸಾಪಿಗೆ ಬಂದದ್ದಂತೆ. ಅದರಲ್ಲಿ 'ಬ್ಲಾಕು ತಾನಾಗಿ ಕರಗುತ್ತದೆ' ಎಂದು ಬರೆದಿತ್ತು.

"ಮಾತ್ರೆ ಯಾಕೆ ಬಿಟ್ಟಿರಿ ದೊಡ್ಡಪ್ಪ?" ಎಂದೆ.

"ಅದನ್ನು ನುಂಗಿದರೆ ಕಾಲು ನೋಯುತ್ತದೆ ಕಣೋ. ಅಲ್ಲದೆ ನಲ್ಲಿಯಲ್ಲಿ ಕಸ ಕಟ್ಟಿತ್ತು, ತೆಗೆಸಿದ್ದಾಯಿತು. ನೀರು ಚೆನ್ನಾಗಿ ಹರಿಯುವಾಗ ದಿನಾ ನಲ್ಲಿ ರಿಪೇರಿ ಯಾರಾದರೂ ಮಾಡುತ್ತಾರೆಯೇ?"

ಈ ನಲ್ಲಿಯ ಉಪಮಾನವೇ ನಮ್ಮೆಲ್ಲರ ತಲೆಯಲ್ಲಿ ಕುಳಿತಿರುವುದು. ಕೊಬ್ಬು ತಿಂದೆವು, ಅದು ನಾಳದಲ್ಲಿ ಕೆಸರಿನಂತೆ ಕಟ್ಟಿಕೊಂಡಿತು, ಒಂದು ದಿನ ಪೂರ್ತಿ ಮುಚ್ಚಿತು, ಅಷ್ಟೇ. ಬೇಕೆಂದಾಗ ತೊಳೆದರಾಯಿತು. ಈ ಉಪಮಾನ ತಪ್ಪು. ತಪ್ಪಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಜೀವಕ್ಕೆ ಅಪಾಯಕರ ಎಂಬುದೇ ನನ್ನ ವಾದ.

ರೋಗದ ಹೆಸರು ಅಥೆರೋಸ್ಕ್ಲೆರೋಸಿಸ್. ೧೯೦೪ರಲ್ಲಿ ಜರ್ಮನಿಯ ಮಾರ್ಚಂಡ್ ಎಂಬ ವಿದ್ವಾಂಸ ಇಟ್ಟ ಹೆಸರು. ಗ್ರೀಕ್ ಭಾಷೆಯಲ್ಲಿ 'ಅಥೆರೆ' ಎಂದರೆ ಗಂಜಿ, 'ಸ್ಕ್ಲೆರೋಸಿಸ್' ಎಂದರೆ ಗಡುಸಾಗುವುದು. ಒಳಗೆ ಗಂಜಿ, ಮೇಲೆ ಗಡುಸು. ರೋಗದ ಸ್ವರೂಪವನ್ನು ಇಷ್ಟು ಚೆನ್ನಾಗಿ ಹೇಳುವ ಹೆಸರು ಅಪರೂಪ. ಆದರೆ ಈ ಗಂಜಿ ಇರುವುದು ನಾಳದ ಪೊಳ್ಳಿನಲ್ಲಿ ಅಲ್ಲ, ಗೋಡೆಯ ಒಳಗೆ.

ನಾಳದ ಗೋಡೆ ಜೀವಂತವಾದದ್ದು. ಅದರ ಒಳಮೈಗೆ ಒಂದೇ ಸಾಲು ಜೀವಕೋಶಗಳ ತೆಳು ಹೊದಿಕೆಯುಂಟು. ಕೊಲೆಸ್ಟೆರಾಲ್ ನೀರಿನಲ್ಲಿ ಕರಗದ ವಸ್ತುವಾದ್ದರಿಂದ ರಕ್ತದಲ್ಲಿ ಅದು ಎಲ್‌ಡಿಎಲ್ ಎಂಬ ಸಣ್ಣ ಕಣಗಳಲ್ಲಿ ಕುಳಿತು ಸಂಚರಿಸುತ್ತದೆ. ಈ ಕಣಗಳು ಹೊದಿಕೆಯನ್ನು ದಾಟಿ ಗೋಡೆಯೊಳಕ್ಕೆ ನುಸುಳುತ್ತವೆ; ನಾಳಗಳು ಕವಲೊಡೆಯುವ, ರಕ್ತದ ಹರಿವು ತೊಡರುವ ಜಾಗಗಳಲ್ಲಿ ಹೆಚ್ಚಾಗಿ ನುಸುಳುತ್ತವೆ. ಕೆಲವು ಅಲ್ಲಿಯೇ ಅಂಟಿ ಉಳಿದು ಕೆಡುತ್ತವೆ. ಕೆಟ್ಟದ್ದನ್ನು ಕಂಡ ಗೋಡೆ ಕೂಗಿ ಕರೆಯುತ್ತದೆ. ಬಿಳಿಯ ರಕ್ತಕಣಗಳು ಓಡಿ ಬಂದು ಆ ಕಣಗಳನ್ನು ನುಂಗುತ್ತವೆ. ನುಂಗಿ ನುಂಗಿ ಹೊಟ್ಟೆಯುಬ್ಬಿ, ಸೂಕ್ಷ್ಮದರ್ಶಕದಲ್ಲಿ ನೊರೆಯಂತೆ ಕಾಣುತ್ತವೆ. ಹೊರಕ್ಕೆ ಹೋಗಲಾರದೆ ಅಲ್ಲಿಯೇ ಸಾಯುತ್ತವೆ. ಸತ್ತವುಗಳನ್ನು ಸಾಗಿಸುವ ಕೆಲಸವೂ ಹಿಂದೆ ಬೀಳುತ್ತದೆ. ಹೀಗೆ ಕೊಬ್ಬೂ ಹೆಣಗಳೂ ಸೇರಿದ ರಾಶಿಯೇ ಆ ಗಂಜಿ. ಗೋಡೆಯ ಸ್ನಾಯುಕೋಶಗಳು ಇದರ ಮೇಲೆ ನಾರಿನ ಮುಚ್ಚಳವೊಂದನ್ನು ನೇಯ್ದು ಮುಚ್ಚುತ್ತವೆ. ಇಷ್ಟಾದರೂ ನಾಳದ ದಾರಿ ಬಹುಕಾಲ ಕಿರಿದಾಗುವುದಿಲ್ಲ. ಗೋಡೆ ಹೊರಗಡೆಗೆ ಉಬ್ಬಿ ಒಳಗಿನ ದಾರಿಯನ್ನು ಉಳಿಸಿಕೊಡುತ್ತದೆ. ನೋವಿಲ್ಲ, ಸೂಚನೆಯಿಲ್ಲ.

ಕೊನೆಗೆ ಒಂದು ದಿನ, ಒಳಗಿನ ಉರಿಯೂತದಿಂದ ಸವೆದು ತೆಳ್ಳಗಾದ ಮುಚ್ಚಳ ಬಿರಿಯುತ್ತದೆ. ರಕ್ತ ಗಂಜಿಯನ್ನು ಮುಟ್ಟಿದೊಡನೆ ಅದನ್ನು ಗಾಯವೆಂದು ಬಗೆದು ಹೆಪ್ಪುಗಟ್ಟುತ್ತದೆ. ಗಾಯವಾದಾಗ ನಮ್ಮ ಪ್ರಾಣ ಉಳಿಸುವ ಗುಣವೇ ಇಲ್ಲಿ ಪ್ರಾಣ ತೆಗೆಯುತ್ತದೆ. ಹೀಗೆ ಬಿರಿಯುವ ಗಡ್ಡೆ, ಹಿಂದಿನ ದಿನ ದಾರಿಯ ಅರ್ಧವನ್ನೂ ಮುಚ್ಚಿರಬೇಕಾಗಿಲ್ಲ.

ಇದನ್ನು ತಿಳಿದ ಮೇಲೆ ದೊಡ್ಡಪ್ಪನವರ 'ತೆಗೆಸಿದ್ದಾಯಿತು' ಎಂಬ ಮಾತಿಗೆ ಅರ್ಥವಿಲ್ಲ. ಸ್ಟೆಂಟು ರಿಪೇರಿ ಮಾಡಿದ್ದು ಒಂದು ಅಂಗುಲದಷ್ಟು ಜಾಗವನ್ನು, ರೋಗವಿರುವುದು ಉದ್ದಕ್ಕೂ. ಆಘಾತವಾಗುತ್ತಿರುವ ಘಳಿಗೆಯಲ್ಲಿ ನಾಳವನ್ನು ತೆರೆಯುವುದು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡೆದಾಗ ಮಾತ್ರ ಎದೆ ಹಿಡಿಯುವಂಥ ಸ್ಥಿರವಾದ ರೋಗದಲ್ಲಿ ಸ್ಟೆಂಟು ನೋವನ್ನು ಕಡಿಮೆ ಮಾಡುತ್ತದೆಯೇ ಹೊರತು, ಸರಿಯಾದ ಔಷಧಿಗಳ ಜೊತೆಗೆ ಹೋಲಿಸಿದಾಗ ಸಾವನ್ನು ತಗ್ಗಿಸುವುದಿಲ್ಲವೆಂದು ೨೦೦೭ರ ಕರೇಜ್ ಪರೀಕ್ಷೆಯೂ, ೫,೧೭೯ ರೋಗಿಗಳನ್ನೊಳಗೊಂಡು ೨೦೨೦ರಲ್ಲಿ ಪ್ರಕಟವಾದ ಇಸ್ಕೀಮಿಯಾ ಪರೀಕ್ಷೆಯೂ ತೋರಿಸಿವೆ. ನಾಳವು ನಲ್ಲಿಯೇ ಆಗಿದ್ದರೆ ಈ ಫಲಿತಾಂಶ ಬರಬಾರದಾಗಿತ್ತು.

ಇನ್ನು ಇದು ಯಾವಾಗ ಆರಂಭವಾಗುತ್ತದೆ ಎಂಬ ಪ್ರಶ್ನೆ. ಇಲ್ಲಿ ವಿದ್ಯಾರ್ಥಿ ಮಿತ್ರರು ಸ್ವಲ್ಪ ಗಮನವಿಟ್ಟು ಓದಬೇಕೆಂದು ಪ್ರಾರ್ಥನೆ. ಕೊರಿಯಾ ಯುದ್ಧದಲ್ಲಿ ಮಡಿದ ೩೦೦ ಮಂದಿ ಅಮೆರಿಕನ್ ಸೈನಿಕರ ಹೃದಯಗಳನ್ನು ಅಲ್ಲಿನ ಸೇನೆಯ ವೈದ್ಯರು ಪರೀಕ್ಷಿಸಿ ೧೯೫೩ರಲ್ಲಿ ವರದಿ ಪ್ರಕಟಿಸಿದರು. ಸತ್ತವರ ಸರಾಸರಿ ವಯಸ್ಸು ೨೨. ಗಟ್ಟಿಮುಟ್ಟಾದ ಹುಡುಗರು, ಗುಂಡೇಟಿನಿಂದ ಸತ್ತವರು. ಅವರಲ್ಲಿ ನೂರಕ್ಕೆ ೭೭ ಮಂದಿಯ ಹೃದಯದ ನಾಳಗಳಲ್ಲಿ ಈ ರೋಗದ ಗುರುತು ಕಣ್ಣಿಗೇ ಕಾಣುವಂತಿತ್ತು. ನಮ್ಮ ಅಂತಿಮ ಬಿ.ಎ. ತರಗತಿಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ನಾವೂ ಆ ವಯಸ್ಸಿನವರೇ. ೫೨ ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ಮೊದಲ ಹೃದಯಾಘಾತವಾದವರ ಮಧ್ಯಸ್ಥ ವಯಸ್ಸು ದಕ್ಷಿಣ ಏಷ್ಯದವರಲ್ಲಿ ೫೩ ಇದ್ದರೆ, ಬೇರೆಯವರಲ್ಲಿ ಸುಮಾರು ೫೯. ನಮಗೆ ಆರು ವರ್ಷ ಕಡಿಮೆ.

ಇದು ನಾಗರಿಕತೆಯ ರೋಗ, ನಮ್ಮ ಪೂರ್ವಿಕರಿಗೆ ಇರಲಿಲ್ಲ ಎನ್ನುವವರಿಗೆ ಒಂದು ಮಾತು. ಈಜಿಪ್ಟ್, ಪೆರು ಮೊದಲಾದ ನಾಲ್ಕು ಪ್ರದೇಶಗಳ ೧೩೭ ಪ್ರಾಚೀನ ಶವಗಳನ್ನು ಯಂತ್ರದಲ್ಲಿಟ್ಟು ಚಿತ್ರ ತೆಗೆದು ನೋಡಿದಾಗ ೪೭ರಲ್ಲಿ ರೋಗದ ಕುರುಹು ಕಂಡಿತೆಂದು ೨೦೧೩ರಲ್ಲಿ ವರದಿಯಾಯಿತು. ಹಾಗಾದರೆ ಇದು ತಪ್ಪಿಸಲಾಗದ ಹಣೆಬರಹವೋ ಎಂದರೆ, ಅದೂ ಅಲ್ಲ. ಬೊಲಿವಿಯಾದ ಕಾಡಿನ ಚಿಮಾನೆ ಜನರಲ್ಲಿ ಪರೀಕ್ಷಿಸಿದ ೭೦೫ ಮಂದಿಯಲ್ಲಿ ನೂರಕ್ಕೆ ೮೫ ಮಂದಿಯ ಹೃದಯನಾಳಗಳಲ್ಲಿ ಸುಣ್ಣದ ಕುರುಹು ಇರಲೇ ಇಲ್ಲ. ಇದು ೨೦೧೭ರ ಮಾತು. ನಾವೆಲ್ಲ ಕಾಡಿಗೆ ಹೋಗುವಂತಿಲ್ಲ, ಆ ಮಾತು ಬೇರೆ.

ಕೊಲೆಸ್ಟೆರಾಲಿನ ಮೇಲಿನ ಆರೋಪ ಸಾಬೀತಾದ ಕಥೆ ಸ್ವಾರಸ್ಯವಾಗಿದೆ. ೧೯೧೩ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅನಿಚ್ಕೊವ್ ಎಂಬ ತರುಣ ವಿಜ್ಞಾನಿ ಶುದ್ಧ ಕೊಲೆಸ್ಟೆರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕಲಸಿ ಮೊಲಗಳಿಗೆ ತಿನ್ನಿಸಿದ. ಮೊಲಗಳ ನಾಳಗಳಲ್ಲಿ ಮನುಷ್ಯರದರಂತೆಯೇ ರೋಗ ಕಾಣಿಸಿತು. ಬೇರೆಯವರು ಇಲಿಗೂ ನಾಯಿಗೂ ತಿನ್ನಿಸಿ ನೋಡಿದರು; ಏನೂ ಆಗಲಿಲ್ಲ. ಮೊಲ ಸಸ್ಯಾಹಾರಿ, ಅದಕ್ಕೆ ಕೊಬ್ಬು ಸೇರದು ಎಂದು ಹೇಳಿ ಪಂಡಿತರು ಮೊಲವನ್ನೂ ಅನಿಚ್ಕೊವನನ್ನೂ ಬದಿಗಿಟ್ಟರು. ಇಲಿ, ನಾಯಿಗಳ ದೇಹ ಕೊಲೆಸ್ಟೆರಾಲನ್ನು ಸುಲಭವಾಗಿ ನಿಭಾಯಿಸಿ ರಕ್ತದಲ್ಲಿ ಏರಗೊಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಅದಕ್ಕೂ ಮುಂಚೆ, ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜರ್ಮನಿಯ ಫಿರ್ಖೋ ಇದು ಗೋಡೆಯ ಉರಿಯೂತ ಎಂದಿದ್ದ. ಕೊಬ್ಬೋ ಉರಿಯೂತವೋ ಎಂದು ನೂರು ವರ್ಷ ಜಗಳವಾಡಿದ ಮೇಲೆ, ಇಬ್ಬರೂ ಒಂದೇ ಆನೆಯನ್ನು ಮುಟ್ಟಿ ನೋಡಿದ್ದರೆಂದು ಗೊತ್ತಾಗಿದೆ.

ಔಷಧಿ ಬಂದದ್ದು ಜಪಾನಿನಿಂದ. ಅಕಿರಾ ಎಂಡೋ ಎಂಬ ರೈತರ ಮನೆಯ ಮಗ, ದೇಹದಲ್ಲಿ ಕೊಲೆಸ್ಟೆರಾಲ್ ತಯಾರಾಗುವುದನ್ನು ತಡೆಯುವ ವಸ್ತುವಿಗಾಗಿ ಆರು ಸಾವಿರ ಬಗೆಯ ಬೂಷ್ಟುಗಳನ್ನು ಶೋಧಿಸಿದರು. ೧೯೭೩ರಲ್ಲಿ ಅಕ್ಕಿಯ ಮೇಲೆ ಬೆಳೆದ ನೀಲಿಹಸಿರು ಬೂಷ್ಟೊಂದರಲ್ಲಿ ಅದು ಸಿಕ್ಕಿತು. ಇಲಿಗೆ ಕೊಟ್ಟರೆ ಕೊಲೆಸ್ಟೆರಾಲ್ ಇಳಿಯಲಿಲ್ಲ. ಮತ್ತೆ ಇಲಿಯ ದೆಸೆಯಿಂದ ವಿಜ್ಞಾನ ಕೆಡುವುದರಲ್ಲಿತ್ತು. ಎಂಡೋ ಬಿಡದೆ ಮೊಟ್ಟೆಯಿಡುವ ಕೋಳಿಗಳಿಗೆ ಕೊಟ್ಟರು, ಇಳಿಯಿತು. ಅವರ ಔಷಧಿ ಕಡೆಗೂ ಅಂಗಡಿಗೆ ಬರಲಿಲ್ಲ. ಅದರ ತಮ್ಮನಂಥ ಲೋವಾಸ್ಟಾಟಿನ್ ೧೯೮೭ರಲ್ಲಿ ಅಮೆರಿಕದಲ್ಲಿ ಬಂತು. ಕೋಟ್ಯಂತರ ಜನ ನುಂಗುವ ಮಾತ್ರೆಗೆ ಮೂಲಪುರುಷರಾದ ಎಂಡೋ ನೊಬೆಲ್ ಬಹುಮಾನವಿಲ್ಲದೆಯೇ ೨೦೨೪ರ ಜೂನಿನಲ್ಲಿ, ತೊಂಬತ್ತು ವರ್ಷ ತುಂಬಿದ್ದಾಗ, ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಆ ಸುದ್ದಿಗೆ ಇನ್ನಷ್ಟು ಜಾಗ ಸಿಗಬೇಕಾಗಿತ್ತು.

ನಾನು ಈ ಕಥೆಯನ್ನು ಉತ್ಸಾಹದಿಂದ ಹೇಳಿದಾಗ ದೊಡ್ಡಪ್ಪನವರು ಕೇಳಿದ್ದು ಗಣಿತದ ಮೇಷ್ಟ್ರ ಪ್ರಶ್ನೆ: "ಕೋಳಿಯದ್ದು ಇರಲಿ. ಮನುಷ್ಯರು ಎಷ್ಟರಲ್ಲಿ ಎಷ್ಟು ಜನ ಉಳಿದರು?" ೧೯೯೪ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯದ ಪರೀಕ್ಷೆಯ ಲೆಕ್ಕ ಕೊಟ್ಟೆ. ಹೃದ್ರೋಗವಿದ್ದ ೪,೪೪೪ ಮಂದಿ. ಖಾಲಿ ಮಾತ್ರೆ ನುಂಗಿದ ಅರ್ಧದವರಲ್ಲಿ ಐದು ವರ್ಷಕ್ಕೆ ಮೇಲ್ಪಟ್ಟ ಅವಧಿಯಲ್ಲಿ ಸತ್ತವರು ೨೫೬. ನಿಜವಾದ ಮಾತ್ರೆ ನುಂಗಿದವರಲ್ಲಿ ೧೮೨. ಅವರು ಮನಸ್ಸಿನಲ್ಲೇ ಭಾಗಿಸಿ, "ನೂರಕ್ಕೆ ಮೂವರು ಹೆಚ್ಚಿಗೆ ಬದುಕಿದರು. ಉಳಿದ ತೊಂಬತ್ತೇಳು ಜನ ಸುಮ್ಮನೆ ನುಂಗಿದರಲ್ಲೋ" ಎಂದರು.

ಈ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಇನ್ನೊಂದು ಶೋಧದಲ್ಲಿ. ಪಿಸಿಎಸ್‌ಕೆ೯ ಎಂಬ ಪ್ರೋಟೀನು ನಮ್ಮ ಯಕೃತ್ತಿನಲ್ಲಿ, ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದೆಳೆಯುವ ಗ್ರಾಹಕಗಳನ್ನು ನಾಶಮಾಡುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಪ್ರೋಟೀನಿನ ಜೀನು ಕೆಟ್ಟಿರುತ್ತದೆ. ಅವರ ಪಾಲಿಗೆ ಅದು ಅದೃಷ್ಟ. ಅಮೆರಿಕದ ಕರಿಯ ಜನರಲ್ಲಿ ಇಂಥವರನ್ನು ಗುರುತಿಸಿ ಹದಿನೈದು ವರ್ಷಗಳ ದಾಖಲೆ ನೋಡಿದಾಗ, ಅವರ ಎಲ್‌ಡಿಎಲ್ ಉಳಿದವರಿಗಿಂತ ನೂರಕ್ಕೆ ೨೮ರಷ್ಟು ಮಾತ್ರ ಕಡಿಮೆಯಿತ್ತು, ಆದರೆ ಹೃದಯನಾಳದ ರೋಗ ನೂರಕ್ಕೆ ೮೮ರಷ್ಟು ಕಡಿಮೆಯಿತ್ತು. ಇದು ಪ್ರಕಟವಾದದ್ದು ೨೦೦೬ರಲ್ಲಿ. ಹೆಚ್ಚುಕಡಿಮೆ ಅಷ್ಟೇ ಇಳಿಕೆಯನ್ನು ನಡುವಯಸ್ಸಿನ ನಂತರ ಐದು ವರ್ಷ ಮಾತ್ರೆಯಿಂದ ಸಾಧಿಸಿದರೆ ಆಘಾತ, ಪಾರ್ಶ್ವವಾಯು ಮುಂತಾದವು ತಗ್ಗುವುದು ನೂರಕ್ಕೆ ಸುಮಾರು ೨೨. ಇಳಿಕೆ ಒಂದೇ, ಫಲ ಬೇರೆ. ವ್ಯತ್ಯಾಸವಿರುವುದು ವರ್ಷಗಳಲ್ಲಿ. ಗೋಡೆ ಪ್ರಮಾಣವನ್ನೂ ಕಾಲವನ್ನೂ ಗುಣಿಸಿ ಲೆಕ್ಕವಿಡುತ್ತದೆ. ಐವತ್ತೈದರಲ್ಲಿ ಮಾತ್ರೆ ಆರಂಭಿಸಿ ಐದು ವರ್ಷಕ್ಕೆ ಲೆಕ್ಕ ಕೇಳುವುದೆಂದರೆ, ಮೂವತ್ತು ವರ್ಷ ಬಡ್ಡಿ ಬೆಳೆದ ಸಾಲಕ್ಕೆ ಒಂದು ಕಂತು ಕಟ್ಟಿ ಪತ್ರ ವಾಪಸು ಕೇಳಿದಂತೆ.

ಈಗ ಅದೇ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು ಬಂದಿವೆ. ಆರು ತಿಂಗಳಿಗೊಮ್ಮೆ ಚುಚ್ಚುವ ಇನ್‌ಕ್ಲಿಸಿರಾನ್ ಅವುಗಳಲ್ಲೊಂದು. ಇನ್ನೂ ಮುಂದಕ್ಕೆ ಹೋಗಿ, ಯಕೃತ್ತಿನಲ್ಲಿರುವ ಆ ಜೀನಿನ ಒಂದೇ ಒಂದು ಅಕ್ಷರವನ್ನು ಶಾಶ್ವತವಾಗಿ ತಿದ್ದುವ ಪ್ರಯೋಗ ೨೦೨೨ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭವಾಯಿತು. ೨೦೨೩ರಲ್ಲಿ ಹತ್ತು ಮಂದಿಯ ಮೊದಲ ಫಲಿತಾಂಶ ಬಂತು. ಹೆಚ್ಚು ಪ್ರಮಾಣ ಪಡೆದವರಲ್ಲಿ ಒಂದೇ ಸಲದ ಮದ್ದಿನಿಂದ ಎಲ್‌ಡಿಎಲ್ ಅರ್ಧದ ಆಸುಪಾಸಿಗೆ ಇಳಿಯಿತು. ೨೦೨೪ರಲ್ಲಿ ರೋಗಿಯೊಬ್ಬರ ರಕ್ತಪರೀಕ್ಷೆಯಲ್ಲಿ ಏರುಪೇರು ಕಂಡು ಆ ಮದ್ದನ್ನು ನಿಲ್ಲಿಸಿ, ಅದನ್ನು ಸಾಗಿಸುವ ಕವಚವನ್ನು ಬದಲಾಯಿಸಿ ಬೇರೊಂದನ್ನು ಮುಂದಕ್ಕೆ ಒಯ್ದರು. ನನಗೆ ಇದರಲ್ಲಿ ಬೆರಗೂ ಇದೆ, ಅಳುಕೂ ಇದೆ. ತಿದ್ದಿದ್ದನ್ನು ಹಿಂದಕ್ಕೆ ತಿದ್ದಲಾಗದು.

ಅಳುಕಿಗೆ ಕಾರಣವುಂಟು. 'ಒಳ್ಳೆಯ ಕೊಲೆಸ್ಟೆರಾಲ್' ಎನಿಸಿಕೊಂಡ ಎಚ್‌ಡಿಎಲ್ ಹೆಚ್ಚಿರುವವರಿಗೆ ಹೃದ್ರೋಗ ಕಡಿಮೆ ಎಂಬುದು ಎಲ್ಲರೂ ಬಲ್ಲ ಮಾತು. ಹಾಗಾದರೆ ಅದನ್ನು ಏರಿಸೋಣ ಎಂದು ಟಾರ್ಸೆಟ್ರಾಪಿಬ್ ಎಂಬ ಔಷಧಿ ತಯಾರಾಯಿತು. ಹದಿನೈದು ಸಾವಿರ ಮಂದಿಯ ಮೇಲೆ ಪರೀಕ್ಷೆ. ಎಚ್‌ಡಿಎಲ್ ನೂರಕ್ಕೆ ೭೨ರಷ್ಟು ಏರಿತು, ಎಲ್‌ಡಿಎಲ್ ೨೫ರಷ್ಟು ಇಳಿಯಿತು. ರಕ್ತಪರೀಕ್ಷೆಯ ಚೀಟಿ ನೋಡಿದರೆ ಆನಂದಬಾಷ್ಪ ಬರಬೇಕು. ಸತ್ತವರು ಮಾತ್ರ ಔಷಧಿ ಪಡೆದವರಲ್ಲಿ ೯೩, ಪಡೆಯದವರಲ್ಲಿ ೫೯. ೨೦೦೬ರ ಡಿಸೆಂಬರಿನಲ್ಲಿ ಪರೀಕ್ಷೆಯನ್ನು ನಿಲ್ಲಿಸಿದರು. ತರ್ಕಕ್ಕೆ ಒಪ್ಪಿದ್ದು ದೇಹಕ್ಕೆ ಒಪ್ಪಬೇಕೆಂಬ ಕರಾರೇನೂ ಇಲ್ಲ.

ಉರಿಯೂತವನ್ನೇ ತಣಿಸುವ ಪ್ರಯತ್ನದ ಕಥೆ ಇನ್ನೂ ಮುಗಿದಿಲ್ಲ. ೨೦೧೭ರಲ್ಲಿ ಹತ್ತು ಸಾವಿರ ಮಂದಿಯಲ್ಲಿ ಕನಕಿನುಮಾಬ್ ಎಂಬ ಮದ್ದು, ಕೊಲೆಸ್ಟೆರಾಲನ್ನು ಮುಟ್ಟದೆಯೇ ಆಘಾತಗಳನ್ನು ನೂರಕ್ಕೆ ೧೫ರಷ್ಟು ತಗ್ಗಿಸಿತು, ಫಿರ್ಖೋ ಗೆದ್ದ. ಆದರೆ ಸೋಂಕಿನಿಂದ ಸತ್ತವರು ಹೆಚ್ಚಾದರು, ಒಟ್ಟು ಮರಣ ಇಳಿಯಲಿಲ್ಲ. ಮುಂದೆ ಹಳೆಯ ಔಷಧಿಯಾದ ಕಾಲ್ಚಿಸೀನಿನ ಸರದಿ. ೨೦೨೦ರ ಪರೀಕ್ಷೆಯಲ್ಲಿ ಅದು ನೂರಕ್ಕೆ ೩೧ರಷ್ಟು ಅನುಕೂಲ ತೋರಿತು. ೨೦೨೪ರಲ್ಲಿ ಆಘಾತವಾದ ಕೂಡಲೇ ಕೊಟ್ಟು ನೋಡಿದ ಏಳು ಸಾವಿರ ಮಂದಿಯ ಪರೀಕ್ಷೆಯಲ್ಲಿ ಏನೂ ಅನುಕೂಲ ಕಾಣಲಿಲ್ಲ. ಮಲೆನಾಡಿನವರು ಗೌರಿ ಹೂವೆಂದು ಕರೆಯುವ ಅಗ್ನಿಶಿಖೆಯ ಗೆಡ್ಡೆಯಲ್ಲಿ ಈ ಕಾಲ್ಚಿಸೀನ್ ಇದೆ. ಇದನ್ನೋದಿ ಯಾರೂ ಗೆಡ್ಡೆ ಅಗೆಯಲು ಹೋಗಬಾರದು. ಅದು ಕೊಲ್ಲುವ ವಿಷ.

ದೊಡ್ಡಪ್ಪನವರ ಕಷಾಯಕ್ಕೂ ನಾನು ಕೇಳುವುದು ಇದೇ ಪರೀಕ್ಷೆಯನ್ನು. ಶುಂಠಿ, ಬೆಳ್ಳುಳ್ಳಿಗಳ ಮೇಲೆ ನನಗೆ ಹಗೆಯಿಲ್ಲ, ಎರಡೂ ಇಲ್ಲದ ಸಾರು ಸಾರೇ ಅಲ್ಲ. ಆದರೆ ಗೋಡೆಯೊಳಗಿನ ಗಂಜಿಯನ್ನು ಅದು ಕರಗಿಸುತ್ತದೆ ಎನ್ನುವವರು ಎಷ್ಟರಲ್ಲಿ ಎಷ್ಟು ಎಂದು ಹೇಳಬೇಕು. ನಾಳ ತೊಳೆಯುತ್ತೇವೆಂದು ನರಕ್ಕೆ ಚುಚ್ಚುವ ಕೀಲೇಷನ್ ಚಿಕಿತ್ಸೆಯೂ ಇಂಥ ಪರೀಕ್ಷೆಗೆ ನಿಂತಿತು. ೨೦೧೩ರಲ್ಲಿ ಸ್ವಲ್ಪ ಆಸೆ ಹುಟ್ಟಿಸಿ, ೨೦೨೪ರಲ್ಲಿ ಸುಮಾರು ಸಾವಿರ ಮಂದಿಯ ಮರುಪರೀಕ್ಷೆಯಲ್ಲಿ ಸೋತಿತು. ಪರೀಕ್ಷೆ ಮಾಡುವುದು ಹೊರದೇಶದವರ ಕೆಲಸವೆಂದು ನಾವು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಹಲವು ಅಗ್ಗದ ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಡುವ ಪ್ರಯೋಗವನ್ನು ಭಾರತದ ೫೦ ಕೇಂದ್ರಗಳಲ್ಲಿ ೨,೦೫೩ ಮಂದಿಯ ಮೇಲೆ ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ತಂಡದ ಕೇಂದ್ರ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು.

ಉಳಿದದ್ದು ಕಾಲುನೋವು. ಸ್ಟಾಟಿನ್ ಮಾತ್ರೆಯಿಂದ ಅಪರೂಪಕ್ಕೆ ಸ್ನಾಯುಗಳಿಗೆ ನಿಜವಾಗಿ ಹಾನಿಯಾಗುತ್ತದೆ, ಸಕ್ಕರೆ ಕಾಯಿಲೆಯ ಸಂಭವವೂ ಸ್ವಲ್ಪ ಹೆಚ್ಚುತ್ತದೆ, ಮುಚ್ಚಿಡಬೇಕಾದ್ದಿಲ್ಲ. ಆದರೆ ಲಂಡನ್ನಿನಲ್ಲಿ, ತೊಂದರೆಯೆಂದು ಮಾತ್ರೆ ಬಿಟ್ಟಿದ್ದ ೬೦ ಮಂದಿಗೆ ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರೆ, ನಾಲ್ಕು ತಿಂಗಳು ಖಾಲಿ ಮಾತ್ರೆ, ನಾಲ್ಕು ತಿಂಗಳು ಏನೂ ಇಲ್ಲದೆ, ಹೀಗೆ ಕಲಸುಮೇಲೋಗರ ಮಾಡಿ ಕೊಟ್ಟು, ದಿನದಿನದ ನೋವನ್ನು ಬರೆಸಿದರು. ಮಾತ್ರೆಯ ತಿಂಗಳುಗಳಲ್ಲಿ ಹೆಚ್ಚಾದ ತೊಂದರೆಯಲ್ಲಿ ನೂರಕ್ಕೆ ೯೦ರಷ್ಟು ಖಾಲಿ ಮಾತ್ರೆಯ ತಿಂಗಳುಗಳಲ್ಲೂ ಇತ್ತು. ಇದು ೨೦೨೦ರ ಫಲಿತಾಂಶ. ನೋವು ಸುಳ್ಳಲ್ಲ, ಬಹುಮಟ್ಟಿಗೆ ಅದರ ಕಾರಣ ಮಾತ್ರೆಯೊಳಗಿನ ಔಷಧಿಯಲ್ಲ, ಮಾತ್ರೆ ನುಂಗುವೆನೆಂಬ ಅಳುಕು.

ಇದನ್ನು ಕೇಳಿ ದೊಡ್ಡಪ್ಪನವರು ಬಹಳ ಹೊತ್ತು ಸುಮ್ಮನಿದ್ದರು. "ಲೆಕ್ಕ ಸರಿಯಾಗಿದೆ" ಎಂದರು. ಮಾರನೆಯ ವಾರ ತಮ್ಮ ವೈದ್ಯರನ್ನು ಕಂಡು, ಬೇರೆ ಹೆಸರಿನ ಕಡಿಮೆ ಪ್ರಮಾಣದ ಮಾತ್ರೆ ಬರೆಸಿಕೊಂಡು ಬಂದರು. ವೈದ್ಯರು ಮನೆಯ ಹುಡುಗರ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದರಂತೆ. ನಾನೂ ನನ್ನ ತಮ್ಮನೂ ಮಾಡಿಸಿದೆವು. ನನ್ನದು ಸರಿಯಿದೆ. ಇನ್ನೂ ಹತ್ತೊಂಬತ್ತು ತುಂಬದ ತಮ್ಮನ ಎಲ್‌ಡಿಎಲ್ ೧೭೮ ಬಂದಿದೆ, ಎರಡನೆಯ ಸಲ ಪರೀಕ್ಷೆಯಾಗಬೇಕು.

ಕಷಾಯವನ್ನು ದೊಡ್ಡಪ್ಪನವರು ಬಿಟ್ಟಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕಾಲು ನೋವು ಬಂದ ದಿನಕ್ಕೆಲ್ಲ ಕೆಂಪು ಸೀಸದಿಂದ ಗೆರೆ ಎಳೆಯುತ್ತಿದ್ದಾರೆ. ಮಾತ್ರೆ ಬಿಟ್ಟಿದ್ದ ಡಿಸೆಂಬರಿನಲ್ಲಿ ಗೆರೆ ಹನ್ನೊಂದು, ನುಂಗಿದ ಜನವರಿಯಲ್ಲಿ ಒಂಬತ್ತು. ಒಂದು ತಿಂಗಳಿನ ಲೆಕ್ಕ ಲೆಕ್ಕವಲ್ಲ, ಯುಗಾದಿಯವರೆಗೆ ನೋಡೋಣ ಎಂದಿದ್ದಾರೆ.